ಮೆಸ್ ಕಲಿಸಿದ ಮಾಸ್ತರು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಒಂದು ಕಾಗದದ ಮೇಲೆ ಬರೆದಿದ್ದೇನೆ, ಅಷ್ಟೇ ಸಾಕು. ಆ ಕಾಗದದ ಮಾತು ಮುಂದೆ ಬರುತ್ತದೆ. ಊರಿನವರು, ಹುಡುಗರು, ಜೊತೆಯಲ್ಲಿ ಕೆಲಸ ಮಾಡಿದ ನಾವು ಎಲ್ಲರೂ ಅವರನ್ನು ಇಂಗ್ಲಿಷ್ ಮಾಸ್ತರು ಎಂದೇ ಕರೆಯುತ್ತಿದ್ದೆವು. ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಯರಗಟ್ಟಿಯ ಬಸ್ ಸ್ಟ್ಯಾಂಡಿನಲ್ಲಿ. ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕವನೇ, "ಸರ್, ಇಂಗ್ಲಿಷ್ ಮಾಸ್ತರು ಹೋದರಂತ್ರಿ, ರಾಮದುರ್ಗದಾಗ. ಎಂಟ ದಿನಾ ಆತು" ಎಂದ. ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರು ಬಂತು. ನನಗೆ ಬರಲಿಲ್ಲ. ನನಗೆ ಮೊದಲು ಆದದ್ದು ಸಮಾಧಾನ. ಥೂ, ಹೇಳಲು ನಾಚಿಕೆಯಾಗುತ್ತದೆ. ಆದರೆ ಬರೆಯಲು ಕೂತ ಮೇಲೆ ಆದದ್ದನ್ನೇ ಬರೆಯಬೇಕಲ್ಲ. ಇನ್ನು ಆ ಮನುಷ್ಯನ ಎದುರು ನಿಲ್ಲುವ ಪ್ರಸಂಗ ಬರಲಾರದು ಎಂಬ ಸಮಾಧಾನ ಅದು.

ನಾವು ಕೆಲಸ ಮಾಡುತ್ತಿದ್ದ ಹೈಸ್ಕೂಲು ಯರಗಟ್ಟಿಯಿಂದ ಆರೇಳು ಮೈಲಿ ಒಳಗಿನ ಒಂದು ಹಳ್ಳಿಯಲ್ಲಿತ್ತು. ನಾನು ಸಂಗೊಳ್ಳಿಯ ಒಕ್ಕಲುತನದ ಮನೆಯವನು, ಅಲ್ಲಿ ಕನ್ನಡ ಮಾಸ್ತರ, ಅದೂ ಹಂಗಾಮಿ. ಅವರು ರಾಮದುರ್ಗದ ಪೂಜಾರಿಕೆಯ ಮನೆತನದವರು. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಗರ್ಭಗುಡಿಯಲ್ಲಿ ಗಂಟೆ ಬಾರಿಸಿದವರು. ಇವರೊಬ್ಬರು ಮಾತ್ರ ಧಾರವಾಡಕ್ಕೆ ಹೋಗಿ ಇಂಗ್ಲಿಷ್ ಓದಿ ಬಂದು ಶಾಲೆಯ ಗಂಟೆಗೆ ಎದ್ದು ಕೂಡುವವರಾದರು. ಹೆಂಡತಿ ರಾಮದುರ್ಗದ ಮನೆಯಲ್ಲೇ ಇದ್ದರು. ಮಾಸ್ತರು ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋಗಿ ಸೋಮವಾರ ಮುಂಜಾನೆ ಬರುತ್ತಿದ್ದರು. ಬಿಳಿ ಧೋತರ, ಕರಿ ಕೋಟು, ಕರಿ ಟೊಪ್ಪಿಗೆ. ಬೇಸಿಗೆಯಲ್ಲೂ ಕೋಟಿನ ಒಂದು ಗುಂಡಿ ಬಿಚ್ಚಿದ್ದನ್ನು ನಾನು ಕಾಣೆ.

ಪೂಜಾರಿಕೆ ಬಿಟ್ಟರೂ ಮಡಿ ಬಿಟ್ಟಿರಲಿಲ್ಲ, ಆದರೆ ಅವರ ಮಡಿ ಬೇರೆ ನಮೂನೆಯದು. ಯಾರು ಮುಟ್ಟಿದರು, ಯಾರ ಮನೆಯಲ್ಲಿ ಉಂಡರು ಎನ್ನುವ ಗೊಡವೆ ಅವರಿಗಿರಲಿಲ್ಲ. ನಮ್ಮ ಮನೆಯ ಜೋಳದ ರೊಟ್ಟಿ, ಪುಂಡಿಪಲ್ಯ ಕೇಳಿ ಹಾಕಿಸಿಕೊಂಡು ಉಣ್ಣುತ್ತಿದ್ದರು. ಆದರೆ ವಸ್ತು ತನ್ನ ಜಾಗದಲ್ಲಿರಬೇಕು. ಪೆಟ್ಟಿಗೆಯಲ್ಲಿ ಫಲಕದ ಮೇಲೆ ಬರೆಯುವ ಖಡುವಿನ ತುಂಡುಗಳನ್ನು ಉದ್ದದ ಪ್ರಕಾರ ಜೋಡಿಸಿಡುತ್ತಿದ್ದರು. ಮಾಸ್ತರರ ಖೋಲಿಯ ಬಾಗಿಲಲ್ಲಿ ನಾವು ಬಿಟ್ಟ ಚಪ್ಪಲಿಗಳನ್ನು ಒಳಗೆ ಬರುವ ಮುಂಚೆ ಛತ್ರಿಯ ತುದಿಯಿಂದ ದೂಡಿ ಒಂದು ಸಾಲಿಗೆ ತರುತ್ತಿದ್ದರು. ಇತಿಹಾಸದ ಮಾಸ್ತರ ನಗುತ್ತಿದ್ದ. "ಏನ್ರಿ ಮಾಸ್ತರ, ಚಪ್ಪಲಿಗೂ ಡ್ರಿಲ್ ಕಲಸಾಕ ಹತ್ತೀರೇನು?" ಎಂದರೆ, "ಅವು ಲಗು ಕಲೀತಾವ್ರಿ" ಎಂದು ಒಳಗೆ ಬಂದು ಕೂಡುತ್ತಿದ್ದರು.

ಒಂದು ವರ್ಷ ಅವರನ್ನು ತರಬೇತಿಗೆ ಕಳಿಸಿದ್ದರು. ಇಂಗ್ಲಿಷನ್ನು ಕನ್ನಡದ ಅರ್ಥ ಹೇಳದೆ, ವಸ್ತು ತೋರಿಸಿ, ಕೆಲಸ ಮಾಡಿ ತೋರಿಸಿ ಕಲಿಸಬೇಕು ಎಂದು ಅಲ್ಲಿ ಹೇಳಿದರಂತೆ. ಹೋದವರೆಲ್ಲ ಅದನ್ನು ಅಲ್ಲೇ ಬಿಟ್ಟು ಬಂದರು. ಇವರು ದೀಕ್ಷೆ ತೆಗೆದುಕೊಂಡವರ ಹಾಗೆ ತಿರುಗಿ ಬಂದರು. ‘ಹೆವಿ’ ಎಂಬ ಶಬ್ದಕ್ಕೆ ಅಂಗಳದ ಬೀಸುಕಲ್ಲನ್ನು ಹುಡುಗರಿಂದ ಎತ್ತಿಸಿದರು. ‘ಎಂಪ್ಟಿ’ ಕಲಿಸಲು ಒಂದು ತಂಬಿಗೆ ನೀರನ್ನು ಅವರ ಎದುರೇ ಗಟಗಟ ಕುಡಿದು ಬೋರಲು ಹಿಡಿದು ತೋರಿಸಿದರು. ‘ಲೇಟ್’ ಕಲಿಸುವ ದಿನ ತಾವೇ ಹತ್ತು ನಿಮಿಷ ತಡವಾಗಿ ಬಂದರು. ಅವರ ಇಡೀ ನೌಕರಿಯಲ್ಲಿ ಅವರು ತಡವಾಗಿ ಬಂದದ್ದು ಅದೊಂದೇ ದಿನ. ಅವತ್ತು ಅವರಿಗೆ ಏನಾಯಿತೋ ಎಂದು ಸಿಪಾಯಿ ಊರೊಳಗೆ ಓಡಿ ಹೋಗಿದ್ದ.

ನಾನು ಬಿಡುವಿದ್ದಾಗ ಅವರ ತರಗತಿಯ ಕಡೆಯ ಬಾಕಿನ ಮೇಲೆ ಕೂಡುತ್ತಿದ್ದೆ. ಹೊರಗಿನಿಂದ ಇಂಗ್ಲಿಷ್ ಪರೀಕ್ಷೆ ಕಟ್ಟಬೇಕೆಂಬ ಆಸೆ ನನಗೆ. ಸಂಜೆ ನಾನು ಬರೆದ ಪ್ರಬಂಧಗಳನ್ನು ಅವರು ಕೆಂಪು ಶಾಯಿಯಲ್ಲಿ ತಿದ್ದಿಕೊಡುತ್ತಿದ್ದರು, ಹುಡುಗರಿಗೆ ತಿದ್ದಿದಷ್ಟೇ ಕಟ್ಟುನಿಟ್ಟಾಗಿ. ಶಬ್ದವನ್ನು ಅದರ ಜಾಗದಲ್ಲಿ ಬಳಸಿದ್ದರೆ ಅಂಚಿನಲ್ಲಿ ‘ಪ್ರಯೋಗ ಸರಿ’ ಎಂದು ಬರೆಯುತ್ತಿದ್ದರು. ಅದಕ್ಕಿಂತ ದೊಡ್ಡ ಶಹಬ್ಬಾಸ್ ಅವರಲ್ಲಿರಲಿಲ್ಲ. ತಿಂಗಳಿಗೊಮ್ಮೆ ಸಿಕ್ಕರೆ ನಾನು ಮನೆಗೆ ಹೋಗಿ ಹೆಂಡತಿಗೆ ತೋರಿಸುತ್ತಿದ್ದೆ.

ವರ್ಷಕ್ಕೊಮ್ಮೆ ಎಂಟನೆಯ ತರಗತಿಗೆ ಅವರು ಒಂದು ಪಾಠ ಮಾಡುತ್ತಿದ್ದರು. ಶಾಲೆಯ ತುಂಬ ಅದಕ್ಕೆ ‘ಮೆಸ್ಸಿನ ಪಾಠ’ ಎಂದೇ ಹೆಸರು. ಮೊದಲ ಸಲ ಅದರ ಸುದ್ದಿ ಕೇಳಿ ನಾನು, "ಸರ್, ಮೆಸ್ ಅಂದ್ರ ಧಾರವಾಡದಾಗ ಊಟಾ ಮಾಡೂದು, ಅಷ್ಟ ನನಗ ಗೊತ್ತು" ಎಂದೆ.

"ಅದನ್ನ ಮರ್ತಬಿಡ್ರಿ. ಅದು ಊಟದ್ದು. ಇದು ಬ್ಯಾರೆ."

"ಹಂಗಾರ ರಾಡಿ ಅನಬೇಕೇನ್ರಿ?"

"ರಾಡಿ ಮಳಿ ಬಂದ್ರ ತಾನ ಆಗ್ತದ."

"ಕಸ?"

"ಕಸ ಹೊರಗ ಒಗಿಯೋ ವಸ್ತು. ಮೆಸ್ಸಿನೊಳಗ ಇರೋದೆಲ್ಲಾ ಬೇಕಾದದ್ದ ನೋಡ್ರಿ. ಪುಸ್ತಕಾ, ಖಡು, ನಕಾಶಿ. ಆದ್ರ ಒಂದೂ ತನ್ನ ಜಾಗಾದಾಗ ಇಲ್ಲ."

"ಗೊಂದಲ ಅಂದ್ರ ನಡೀತದೇನ್ರಿ?"

"ಗೊಂದಲ ತಲಿಯೊಳಗ ಇರ್ತದ. ಇದು ಕಣ್ಣಿಗೆ ಕಾಣಬೇಕು." ಆಮೇಲೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹರವಿ ಬಿಟ್ಟ ಖೋಲಿಗೂ ಇಂಗ್ಲಿಷಿನಾಗ ಮೆಸ್ ಅಂತಾರ, ಕೆಡಿಸಿದ ಕೆಲಸಕ್ಕೂ ಅಂತಾರ, ಒಬ್ಬನ ಬಾಳೇವು ಹಾಳಾದ್ರೂ ಮೆಸ್ ಅಂತಾರ. ಆದ್ರ ಎಲ್ಲಾದ್ರಾಗೂ ಒಂದ ಮಾತು ಅದ ಮಾಸ್ತರ. ಅದು ತಾನ ಆಗೂದಿಲ್ಲ. ಯಾರೋ ಮಾಡಿರ್ತಾರ. ಅದಕ್ಕ ನಾ ಹುಡುಗರಿಗೆ ಮೂರು ಪ್ರಶ್ನಿ ಕಲಸ್ತೀನಿ. ಇದೇನು? ಯಾರು ಮಾಡಿದ್ರು? ಯಾರು ಸ್ವಚ್ಛ ಮಾಡ್ತೀರಿ? ಮೂರನೇದ್ದ ಕೇಳೂತನಕಾ ಪಾಠ ಮುಗಿಯೂದಿಲ್ಲ."

ಪಾಠ ಹೀಗಿರುತ್ತಿತ್ತು. ಹುಡುಗರು ಕೂತ ಮೇಲೆ ಅವರು ಒಂದು ಮಾತೂ ಆಡದೆ ಖೋಲಿಯನ್ನು ಕೆಡಿಸಲು ಶುರು ಮಾಡುವರು. ಜೋಡಿಸಿಟ್ಟ ಖಡುವಿನ ಪೆಟ್ಟಿಗೆಯನ್ನು ನೆಲದ ಮೇಲೆ ಸುರಿಯುವರು. ಗೋಡೆಯ ನಕಾಶೆ ಕೆಳಗೆ, ಪುಸ್ತಕಗಳು ಮೂಲೆಯಲ್ಲಿ, ಕುರ್ಚಿ ಬೋರಲು. ಕೊನೆಗೆ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕುರ್ಚಿಯ ಕಾಲಿಗೆ ಹಾಕುವರು. ಹುಡುಗರು ಬಿದ್ದು ಬಿದ್ದು ನಗುವರು. ಆಗ ಫಲಕದ ಮೇಲೆ ಆ ಒಂದು ಶಬ್ದ. ಆಮೇಲೆ ಪ್ರಶ್ನೆ. ಎರಡನೆಯ ಪ್ರಶ್ನೆಗೆ ತಾವೇ ಕೈ ಎತ್ತಿ, "ಐ ಮೇಡ್ ಇಟ್" ಎನ್ನುವರು. ಮೂರನೆಯದಕ್ಕೆ ಇಡೀ ತರಗತಿ ಎದ್ದು ಐದು ನಿಮಿಷದಲ್ಲಿ ಖೋಲಿಯನ್ನು ಮೊದಲಿಗಿಂತ ಚೊಕ್ಕ ಮಾಡುವುದು, ಮಾಸ್ತರು ಜೇಬಿನ ಗಡಿಯಾರ ಹಿಡಿದು ನಿಲ್ಲುವುದು. ಆ ದಿನದಿಂದ ಆ ತರಗತಿಯಲ್ಲಿ ಒಂದು ರೂಢಿ. ಯಾರಾದರೂ ಶಾಯಿ ಚೆಲ್ಲಿದರೆ, ಗಾಜು ಒಡೆದರೆ, ಎದ್ದು ನಿಂತು "ಐ ಮೇಡ್ ಇಟ್, ಸರ್" ಎನ್ನಬೇಕು. ಹೇಳಿದವರಿಗೆ ಛಡಿ ಏಟು ಇಲ್ಲ. ಕೈಯೆಲ್ಲ ನೀಲಿ ಮಾಡಿಕೊಂಡ ಪುಟ್ಟ ಪುಟ್ಟ ಹುಡುಗಿಯರು ಎದ್ದು ನಿಂತು ಧೈರ್ಯದಿಂದ ಹೇಳುವುದನ್ನು ನಾನೇ ಕಡೆಯ ಬಾಕಿನಿಂದ ನೋಡಿದ್ದೇನೆ.

ಈಗ ಕೆಟ್ಟ ಮಾತಿಗೆ ಬರುತ್ತೇನೆ.

ನಮ್ಮ ಹೆಡ್‌ಮಾಸ್ತರು ಮುಂದಿನ ಜೂನ್‌ನಲ್ಲಿ ನಿವೃತ್ತರಾಗುವವರಿದ್ದರು. ಅವರ ಖೋಲಿಯ ಗೋಡೆಯ ಮೇಲೆ ಒಂದು ಹಲಗೆ, ಅದರ ಮೇಲೆ ಇದುವರೆಗಿನ ಹೆಡ್‌ಮಾಸ್ತರರ ಹೆಸರುಗಳು, ಹಳದಿ ಬಣ್ಣದಲ್ಲಿ. ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ. ಸೇವಾ ಹಿರಿತನದಲ್ಲಿ ಮುಂದಿನವರು ಇಂಗ್ಲಿಷ್ ಮಾಸ್ತರು. ಏನನ್ನೂ ಬೇಡದ ಮನುಷ್ಯ, ಆ ಒಂದು ಸಾಲನ್ನು ಮಾತ್ರ ಬೇಡಿದ್ದರು. ಒಮ್ಮೆ ನನ್ನೊಡನೆ ಆ ಖೋಲಿಯಲ್ಲಿ ನಿಂತಾಗ, "ನಮ್ಮಪ್ಪಗ ನಾ ಪೂಜಾ ಬಿಟ್ಟದ್ದು ಕಡೀತನಕಾ ಸೇರಲಿಲ್ಲ ಮಾಸ್ತರ. ಅಲ್ಲೊಂದು ಹೆಸರು ಬಂದ್ರ, ಬಿಟ್ಟು ಬಂದದ್ದಕ್ಕ ಏನೋ ಒಂದು ಮಾಡಿದಂಗ ಆಗ್ತದ" ಎಂದಿದ್ದರು. ಹೇಳಿ ಕೂಡಲೇ ನಾಚಿಕೊಂಡರು.

ಆದರೆ ಸಂಸ್ಥೆಯ ಚೇರ್ಮನ್ನರಿಗೆ ಒಬ್ಬ ಅಕ್ಕನ ಮಗನಿದ್ದ. ಅವನೇ ಚಪ್ಪಲಿಯ ಡ್ರಿಲ್ ಎಂದು ನಕ್ಕ ಇತಿಹಾಸದ ಮಾಸ್ತರ. ಚೇರ್ಮನ್ನರು ದೊಡ್ಡ ಜಮೀನುದಾರರು, ಬೈಲಹೊಂಗಲದಲ್ಲಿ ಹತ್ತಿಯ ವ್ಯಾಪಾರ, ಎದುರಿಗೆ ಕೂತು ಇಲ್ಲ ಎನ್ನುವ ಗಂಡಸು ಊರಲ್ಲಿರಲಿಲ್ಲ. ಅಕ್ಕನ ಮಗ ಹೆಡ್‌ಮಾಸ್ತರ ಆಗಬೇಕೆಂದರೆ ಇಂಗ್ಲಿಷ್ ಮಾಸ್ತರರ ಮೇಲೆ ಏನಾದರೊಂದು ತಪ್ಪು ಕಾಗದದ ಮೇಲೆ ಬೇಕಿತ್ತು. ಆ ಮನುಷ್ಯನಲ್ಲಿ ತಪ್ಪು ಹುಡುಕುವುದೆಂದರೆ ಏನು ಸಾಮಾನ್ಯವೇ?

ಅದು ತುರ್ತು ಪರಿಸ್ಥಿತಿಯ ವರ್ಷ. ಬಸ್ಸಿನ ಹಿಂದೆ, ಕಚೇರಿಯ ಗೋಡೆಯ ಮೇಲೆ, ಎಲ್ಲಿ ನೋಡಿದರೂ ಶಿಸ್ತು, ಶಿಸ್ತು. ಅಂಥದರಲ್ಲಿ ಬೆಳಗಾವಿಯಿಂದ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬರುವ ದಿನ ಗೊತ್ತಾಯಿತು. ಗೋಡೆಗೆ ಸುಣ್ಣ ಬಳಿಸಿದೆವು, ಹುಡುಗರಿಗೆ ಸ್ವಾಗತ ಗೀತೆ ಕಲಿಸಿದೆವು. ಎಲ್ಲ ಮಾಸ್ತರರೂ ಮೊದಲೇ ಹತ್ತು ಸಲ ಗಟ್ಟಿ ಮಾಡಿಸಿದ ಪಾಠವನ್ನೇ ಹೊಸದೆಂಬಂತೆ ಮಾಡುವ ತಯಾರಿಯಲ್ಲಿದ್ದರು. ಇಂಗ್ಲಿಷ್ ಮಾಸ್ತರು ಮಾತ್ರ, "ಅದು ಮೋಸ" ಎಂದರು. ತಮ್ಮ ಅತ್ಯುತ್ತಮ ಪಾಠ ಮೆಸ್ಸಿನದು, ಅದನ್ನೇ ಅವತ್ತು ಈ ವರ್ಷದ ಎಂಟನೆಯ ತರಗತಿಗೆ ಮೊದಲ ಸಲವಾಗಿ ಮಾಡುತ್ತೇನೆ ಎಂದರು. ನಾನು, "ಸರ್, ಈ ವರ್ಷ ಬ್ಯಾಡ್ರಿ" ಎಂದೆ. "ಯಾಕ್ರಿ? ಸಾಹೇಬ್ರು ಮೂರನೇ ತಾಸಿಗೆ ನನ್ನ ಕಡೆ ಬರ್ತಾರ. ಅಷ್ಟರಾಗ ಹುಡುಗರು ಎಲ್ಲಾ ಎತ್ತಿಟ್ಟಿರ್ತಾರ. ಸಾಹೇಬ್ರು ಬಂದು ಏನ ಕೇಳಿದ್ರೂ ಇಂಗ್ಲಿಷಿನಾಗ ಹೇಳ್ತಾರ" ಎಂದು ಗಡಿಯಾರ ಮುಟ್ಟಿ ನೋಡಿಕೊಂಡರು.

ನಾನು ಕಡೆಯ ಬಾಕಿನಲ್ಲಿದ್ದೆ. ಎರಡನೆಯ ತಾಸು ಇನ್ನೂ ಅರ್ಧವಾಗಿರಲಿಲ್ಲ. ಖಡು ಸುರಿದಿತ್ತು, ಕುರ್ಚಿ ಬೋರಲಾಗಿತ್ತು, ಟೊಪ್ಪಿಗೆ ಕುರ್ಚಿಯ ಕಾಲಿಗೆ ಏರಿತ್ತು. ಕಿಟಕಿಯಲ್ಲಿ ಇತಿಹಾಸದ ಮಾಸ್ತರನ ಮುಖ ಕಂಡಿತು. ಒಂದು ಗಳಿಗೆ ನೋಡಿದ. ಆಮೇಲೆ ಆಫೀಸಿನ ಕಡೆ ಲಗುಬಗೆಯಿಂದ ಹೋದ. ಯಾತಕ್ಕೆ ಹೋದನೆಂದು ನನಗೆ ಆಗಲೇ ಗೊತ್ತಾಯಿತು, ಆದರೆ ಎದ್ದು ಹೋಗಿ ಮಾಸ್ತರರಿಗೆ ಹೇಳಲಿಲ್ಲ. ಪಾಠದ ನಡುವೆ ಮಾತಾಡುವುದು ಅವರಿಗೆ ಸೇರುತ್ತಿರಲಿಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ.

ಮಾಸ್ತರು ಫಲಕದ ಮೇಲೆ ಶಬ್ದ ಬರೆದು ಎರಡು ಪ್ರಶ್ನೆ ಮುಗಿಸುವಷ್ಟರಲ್ಲಿ, ಐದೇ ನಿಮಿಷಕ್ಕೆ, ಬಾಗಿಲಲ್ಲಿ ಸಾಹೇಬರು, ಅವರ ಹಿಂದೆ ಚೇರ್ಮನ್ನರು, ಹೆಡ್‌ಮಾಸ್ತರು, ಇತಿಹಾಸದವನು. ಹುಡುಗರ ನಗೆ ನಿಂತಿತು. ಸಾಹೇಬರು ನೆಲದ ಮೇಲಿನ ಭಾರತದ ನಕಾಶೆಯನ್ನು ದಾಟಿ ಒಳಗೆ ಬಂದು ಮುಂದಿನ ಸಾಲಿನ ಹುಡುಗಿಯನ್ನು ಇಂಗ್ಲಿಷಿನಲ್ಲಿ ಕೇಳಿದರು, ಇದೇನು?

ಹುಡುಗಿ ಎದ್ದು ನಿಂತು ಸ್ಪಷ್ಟವಾಗಿ, "ಇಟ್ ಈಸ್ ಎ ಮೆಸ್, ಸರ್!" ಎಂದಳು.

ಯಾರು ಮಾಡಿದ್ದು?

ಇಡೀ ತರಗತಿ ಒಂದೇ ದನಿಯಲ್ಲಿ, "ಅವರ್ ಟೀಚರ್ ಮೇಡ್ ಇಟ್, ಸರ್!" ಎಂದಿತು.

ಅಯ್ಯೋ, ಆಗ ಮಾಸ್ತರರ ಮುಖ ನೋಡಬೇಕಿತ್ತು. ಚೇರ್ಮನ್ನರ ಮುಖ ಕೆಂಡವಾಗಿದ್ದು ಅವರಿಗೆ ಕಾಣಲೇ ಇಲ್ಲ. ಹಳ್ಳಿಯ ಮಕ್ಕಳು ಬೆಳಗಾವಿಯ ಸಾಹೇಬರಿಗೆ ತಡವರಿಸದೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿದ್ದವು! ಬರಿದಲೆಯಲ್ಲಿ, ಕೈ ಕಟ್ಟಿಕೊಂಡು, ಮದುವೆಯ ಮನೆಯ ಯಜಮಾನನ ಹಾಗೆ ನಗುತ್ತ ಅವರು ಸಾಹೇಬರ ಮೂರನೆಯ ಪ್ರಶ್ನೆಗಾಗಿ ಕಾಯುತ್ತಿದ್ದರು. ಹುಡುಗರೂ ಬಾಕಿನ ತುದಿಗೆ ಬಂದು ಏಳಲು ತಯಾರಾಗಿದ್ದರು.

ಸಾಹೇಬರು ಮೂರನೆಯ ಪ್ರಶ್ನೆ ಕೇಳಲಿಲ್ಲ. ಕೈಗಡಿಯಾರ ನೋಡಿಕೊಂಡು ಹೊರಗೆ ಹೋದರು. ಮಾಸ್ತರು, "ಸರ್, ಒಂದೈದು ನಿಮಿಷ…" ಎಂದು ಎರಡು ಹೆಜ್ಜೆ ಬಾಗಿಲ ತನಕ ಹೋದರು. ಚೇರ್ಮನ್ನರು ತಿರುಗಿ, "ಸಾಕ್ರಿ ನಿಮ್ಮ ನಾಟಕ" ಎಂದರು. ಅವರು ಹೋದ ಮೇಲೆ ಮಾಸ್ತರು ತಿರುಗಿ ಬಂದು ಮೂರನೆಯ ಪ್ರಶ್ನೆಯನ್ನು ತಾವೇ ಕೇಳಿದರು. ಹುಡುಗರು ನಾಲ್ಕೇ ನಿಮಿಷದಲ್ಲಿ ಎಲ್ಲವನ್ನೂ ಎತ್ತಿಟ್ಟರು. ಅದನ್ನು ನೋಡಿದ ದೊಡ್ಡವನು ನಾನೊಬ್ಬನೇ.

ಸಾಹೇಬರು ಬರೆದುಹೋದದ್ದು ಒಂದೇ ಸಾಲು, ಎಂಟನೆಯ ತರಗತಿಯ ಶಿಸ್ತಿನ ಕಡೆ ಗಮನ ಕೊಡಬೇಕು ಎಂದು. ಅಷ್ಟು ಸಾಲದೆಂದು ಚೇರ್ಮನ್ನರು ಮರುದಿನ ನನ್ನನ್ನು ವಾಡೆಗೆ ಕರೆಸಿದರು. ಅಕ್ಕನ ಮಗ ಪಕ್ಕದಲ್ಲಿ ಕೂತಿದ್ದ.

"ಬರ್ರಿ ಮಾಸ್ತರ, ಕುಂದರ್ರಿ. ನಿಮ್ಮನ್ನ ಕಾಯಂ ಮಾಡೂ ಕಾಗದ ಇಲ್ಲೇ ಐತಿ ನೋಡ್ರಿ" ಎಂದು ಟೇಬಲ್ ಮೇಲೆ ಬೆರಳಿಂದ ತಟ್ಟಿದರು. "ಆ ಮಾಸ್ತರನ ಕ್ಲಾಸು ಯಾವಾಗಲೂ ಹಂಗ ಇರತೈತಿ ಅಂತ ನೀವೆಲ್ಲಾ ಸೇರಿ ಬರದ ಕೊಡ್ರಿ. ಇಂಗ್ಲೀಷಿನಾಗ ಬೇಕು. ನಿಮ್ಮ ಇಂಗ್ಲೀಷ್ ಛಲೋ ಐತಂತ."

"ಚೇರ್ಮನ್ ಸಾಹೇಬ್ರ, ಅದು ಪಾಠ ಇತ್ರಿ. ನಾ ಅಲ್ಲೇ ಇದ್ದೆ…"

"ನೀವು ಅಲ್ಲಿ ಇದ್ರಿ ಅಂತನ ನಿಮ್ಮ ಕೈಲೆ ಬರಸಾಕ ಹತ್ತೀನಿ."

ಮನೆಯಲ್ಲಿ ಎರಡು ಕೂಸುಗಳಿದ್ದವು, ಹಂಗಾಮಿ ನೌಕರಿ ಯಾವಾಗ ಬೇಕಾದರೂ ಹೋಗಬಹುದಿತ್ತು, ಎಂದೆಲ್ಲ ಬರೆಯಬಹುದು. ಅದೆಲ್ಲ ನಿಜ. ಆದರೂ ನೆಪ ನೆಪವೇ. ಚಹಾ ಆರುವುದರೊಳಗೆ ಬರೆದು ಮುಗಿಸಿದೆ. ಅವರ ಪೂರ್ತಿ ಹೆಸರು ಬರೆದೆ. ಅದರ ಮುಂದೆ, ಇವರ ತರಗತಿ ಯಾವಾಗಲೂ ಮೆಸ್ ಆಗಿರುತ್ತದೆ ಎಂದು ಬರೆದೆ. ಬೇರೆ ಶಬ್ದ ಸಿಗಲಿಲ್ಲವೇ? ಸಿಗುತ್ತಿತ್ತು. ಆದರೆ ನನಗೆ ಚೆನ್ನಾಗಿ ಬರುತ್ತಿದ್ದ ಶಬ್ದ ಅದು, ಅವರೇ ಕಲಿಸಿದ್ದು. ಬರೆದು ಮುಗಿಸಿದಾಗ, ಹೇಸಿಗೆಯಾಗುತ್ತದೆ ಹೇಳಲು, ವಾಕ್ಯ ಚೆನ್ನಾಗಿ ಬಂತಲ್ಲ ಎಂದು ಒಂದು ಕ್ಷಣ ಅನಿಸಿತು. ಉಳಿದ ಮಾಸ್ತರರೆಲ್ಲ ಸಹಿ ಮಾಡಿದರು. ಮೊದಲ ಸಹಿ ನನ್ನದು, ಲೇಖಣಿ ನನ್ನ ಕೈಯಲ್ಲೇ ಇತ್ತಲ್ಲ.

ಕಾರಣ ಕೇಳುವ ನೋಟೀಸಿನ ಜೊತೆ ಮಾಸ್ತರರಿಗೆ ಆ ಕಾಗದದ ಮೂಲವನ್ನೇ ಕೊಟ್ಟರು, ಮೇಲಿನವರಿಗೆ ಅದರ ಟೈಪ್ ಮಾಡಿದ ಪ್ರತಿ ಹೋಗಿತ್ತು. ಮಾಸ್ತರು ಖೋಲಿಯ ನಡುವೆ ನಿಂತು ಓದಿದರು. ಎರಡು ವರ್ಷ ನನ್ನ ಅಕ್ಷರ ತಿದ್ದಿದವರಿಗೆ ಯಾರು ಬರೆದದ್ದೆಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸಿದ್ದೆ. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿನಲ್ಲಿಟ್ಟರು. ಗಂಟೆ ಹೊಡೆಯಿತು. ಖಡು ತೆಗೆದುಕೊಂಡು ತರಗತಿಗೆ ಹೋದರು.

ಬೆಳಗಾವಿಗೆ ಹೋಗಿ ಸಾಹೇಬರನ್ನು ಕಾಣಿರಿ ಎಂದು ಹೆಡ್‌ಮಾಸ್ತರು ಹೇಳಿದರು. ಮಾಸ್ತರು, "ಕಂಡ್ರ ಸಾಕ್ಷಿ ಯಾರು ಅಂತಾರ. ಹುಡುಗರನ್ನ ನಿಲ್ಲಿಸಬೇಕಾಗ್ತದ. ಬ್ಯಾಡ್ರಿ" ಎಂದರು. ಹುಡುಗರಲ್ಲದ ಸಾಕ್ಷಿಯೊಬ್ಬ ಮೂರು ಮಾರು ದೂರದಲ್ಲಿ ಕೂತಿದ್ದ. ಅವನ ಕಡೆ ತಿರುಗಿ ಕೂಡ ನೋಡಲಿಲ್ಲ. ತಿಂಗಳೊಳಗೆ ರಾಜೀನಾಮೆ ಕೊಟ್ಟರು. ಕಡೆಯ ದಿನ ಬಾಗಿಲಲ್ಲಿ ಚಪ್ಪಲಿಗಳನ್ನು ಛತ್ರಿಯಿಂದ ಸಾಲಿಗೆ ತಂದರು, ನನ್ನದನ್ನೂ ತಂದರು. ನನ್ನ ಎದುರು ಬಂದಾಗ, "ಪರೀಕ್ಷಾದ ಫಾರ್ಮ್ ತುಂಬಿದ್ರೇನು? ತುಂಬ್ರಿ ಮಾಸ್ತರ, ಬಿಡಬ್ಯಾಡ್ರಿ" ಎಂದರು. ಬೈದಿದ್ದರೆ ಎಷ್ಟೋ ಚಲೋ ಆಗುತ್ತಿತ್ತು. ಆ ಮನುಷ್ಯನ ಮೇಲೆ ನನಗೆ ಅವತ್ತು ಸಿಟ್ಟು ಬಂತು, ಖರೇ ಹೇಳುತ್ತೇನೆ, ಇವತ್ತಿಗೂ ಅದು ಪೂರ್ತಿ ಹೋಗಿಲ್ಲ.

ಹಲಗೆಯ ಖಾಲಿ ಸಾಲಿನಲ್ಲಿ ಇತಿಹಾಸದವನ ಹೆಸರು ಬಂತು. ನಾನು ಕಾಯಂ ಆದೆ. ಪರೀಕ್ಷೆಯೂ ಪಾಸಾಯಿತು, ಎಂಟನೆಯ ತರಗತಿಯ ಇಂಗ್ಲಿಷ್ ನನಗೇ ಬಂತು. ಆ ಶಬ್ದ ಬಂದಾಗ ಫಲಕದ ಮೇಲೆ ‘ಮೆಸ್ ಎಂದರೆ ಅವ್ಯವಸ್ಥೆ’ ಎಂದು ಬರೆಯುತ್ತೇನೆ. ಹುಡುಗರು ಬರೆದುಕೊಳ್ಳುತ್ತಾರೆ. ನೆಲದ ಮೇಲೆ ಒಂದು ಖಡುವಿನ ತುಂಡೂ ಬೀಳುವುದಿಲ್ಲ.

ಯರಗಟ್ಟಿಯಲ್ಲಿ ಸುದ್ದಿ ಕೇಳಿದ ಮುಂದಿನ ವಾರ ರಾಮದುರ್ಗಕ್ಕೆ ಹೋದೆ. ಹೋಗದಿದ್ದರೆ ಜನ ಏನೆಂದಾರು ಎಂದು ಹೋದೆ. ಮಗ್ಗಗಳ ಸಪ್ಪಳದ ಓಣಿ, ಅದರ ಕೊನೆಗೆ ಅವರ ಮನೆ. ಅವರ ಹೆಂಡತಿಯನ್ನು ನಾನು ಮೊದಲು ಕಂಡಿರಲಿಲ್ಲ. ಹೆಸರು ಹೇಳುವ ಮೊದಲೇ, "ಸಂಗೊಳ್ಳಿ ಮಾಸ್ತರಲ್ರಿ? ಬರ್ರಿ, ಕೂಡ್ರಿ" ಎಂದು ಚಾಪೆ ಹಾಸಿದರು. ಗೂಟದ ಮೇಲೆ ಕರಿ ಟೊಪ್ಪಿಗೆ ಇತ್ತು. ಪುಸ್ತಕಗಳು ಎತ್ತರದ ಪ್ರಕಾರ ನಿಂತಿದ್ದವು.

ಚಹಾ ತಂದು ನನ್ನ ಕೈಗೆ ಕೊಡುತ್ತ ಆಕೆ ಅತ್ತರು. "ಸಾಲಿ ಬಿಟ್ಟ ಮ್ಯಾಲ ಅವರು ಮೊದಲಿನಂಗ ಆಗಲೇ ಇಲ್ರಿ. ಯಾವನೋ ಖೊಟ್ಟಿ ಕಾಗದಾ ಬರದನಂತ. ಯಾರು ಅಂತ ಎಷ್ಟು ಕೇಳಿದ್ರೂ ನನಗ ಹೇಳಲಿಲ್ಲ. ಅವನ ಕೈ ಸೇದಿಹೋಗ್ಲಿ."

ಬಟ್ಟಲು ಹಿಡಿದ ಕೈಯನ್ನು ನಾನು ಕೆಳಗಿಳಿಸಿದೆ.

"ನಿಮ್ಮ ಮ್ಯಾಲ ಭಾಳ ಜೀವ ಇತ್ತರಿ ಅವರಿಗೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಟ್ರಂಕು ತೆಗೆದರು. "ನೀವು ಬರದ ಕಾಗದ ಒಂದು ತಿದ್ದಿಟ್ಟಾರ. ಸಂಗೊಳ್ಳಿ ಮಾಸ್ತರ ಬಂದ್ರ ಕೊಡು ಅಂತ ಹೇಳಿದ್ರು. ಬಂದೇ ಬರ್ತಾರ ಅಂತಿದ್ರು."

ನಾಲ್ಕು ಮಡಿಕೆಯ ಕಾಗದ. ಬಿಚ್ಚಿದೆ. ನನ್ನ ನೀಲಿ ಅಕ್ಷರ, ನನ್ನ ಕೈಯಿಂದ ಬರೆದ ಅವರ ಹೆಸರು. ಆ ವಾಕ್ಯದ ಕೆಳಗೆ ಕೆಂಪು ಗೆರೆ. ಅಂಚಿನಲ್ಲಿ, ಯಾವತ್ತಿನ ದುಂಡಗಿನ ಅಕ್ಷರದಲ್ಲಿ ಎರಡು ಮಾತು: ‘ಪ್ರಯೋಗ ಸರಿ. ಸಂಗತಿ ಸುಳ್ಳು.’ ಕೆಳಗೆ ಮಾರ್ಕು ಹಾಕುವ ಜಾಗದಲ್ಲಿ ಏನೂ ಇರಲಿಲ್ಲ.

"ನನಗ ಓದಲಿಕ್ಕೆ ಬರೂದಿಲ್ಲ ನೋಡ್ರಿ" ಎಂದು ಆಕೆ ಬಾಗಿ ನೋಡಿದರು. "ಏನದ ಅದು?"

"ಪ್ರಬಂಧ ಅವ್ವಾರ. ನಾ ಬರದದ್ದು."

"ಪಾಸ್ ಮಾಡ್ಯಾರೇನು?"

ಮೂರೇ ಶಬ್ದ. ಕೈಗೆಲ್ಲ ಶಾಯಿ ಬಳಿದುಕೊಂಡ ಎಂಟನೆಯ ತರಗತಿಯ ಹುಡುಗಿಯರು ಎದ್ದು ನಿಂತು ಹೇಳುತ್ತಿದ್ದ ಮೂರು ಶಬ್ದ. ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿದೆ.

"ಪಾಸ್ ಮಾಡ್ಯಾರ್ರಿ" ಎಂದೆ.

"ನಾ ಹೇಳಲಿಲ್ಲೇನು? ಭಾಳ ಜೀವ ಇತ್ತು" ಎಂದು ಆಕೆ ನಕ್ಕರು. ಚಹಾ ಆರುತ್ತದೆ ಕುಡಿಯಿರಿ ಎಂದರು. ಕುಡಿದೆ. ಹೇಳಿದವರಿಗೆ ಏಟು ಇಲ್ಲವೆಂದು ಗೊತ್ತಿದ್ದೂ ನಾನು ಹೇಳಲಿಲ್ಲ.